ಹಮಾದಾ ಶೋಜಿಯ ಚೌಕ ಹೂದಾನಿ: ತಳದಲ್ಲಿ ಹೆಸರಿಲ್ಲ, ಆದರೂ ಯಾರದೆಂದು ಗೊತ್ತಾಗುತ್ತದೆ

ಕೆಮ್ಮಣ್ಣು:
ಜಪಾನಿನ ಮಣ್ಣಿನ ಕೆಲಸದ ಮಾತು ಬಂದಾಗಲೆಲ್ಲ ಇಲ್ಲಿ ಚಹಾ ಬಟ್ಟಲು, ಚಿನ್ನ ಹಾಕಿ ಬೆಸೆದ ಬಿರುಕು, ಇಷ್ಟಕ್ಕೇ ಚರ್ಚೆ ಮುಗಿದುಹೋಗುತ್ತದೆ. ಈ ಸಲ ಒಂದೇ ಒಂದು ಪಾತ್ರೆಯ ಬಗ್ಗೆ ಸಾವಕಾಶವಾಗಿ ಮಾತಾಡೋಣ. ಹಮಾದಾ ಶೋಜಿ (1894–1978) ಮಾಡಿದ ಚೌಕ ಹೂದಾನಿ.

ಒಂದು ಗೇಣಿನಷ್ಟು ಎತ್ತರ ಇರುತ್ತದೆ. ನಾಲ್ಕು ಮುಖ, ಅಗಲ ಹೆಗಲು, ಮೇಲೆ ಗಿಡ್ಡ ಕುತ್ತಿಗೆ. ಮುಖಗಳು ಸಪಾಟಾಗಿಲ್ಲ, ಒಳಗಿಂದ ಯಾರೋ ಉಸಿರು ತುಂಬಿದ ಹಾಗೆ ಸ್ವಲ್ಪ ಉಬ್ಬಿವೆ. ಬಣ್ಣ ತುಕ್ಕಿನ ಕಂದು ಅಥವಾ ಕಪ್ಪು. ಮುಂಭಾಗದಲ್ಲಿ ಕುಂಚದ ನಾಲ್ಕೈದು ಎಳೆ: ಒಂದು ಕಾಂಡ, ಆಚೆ ಈಚೆ ಬಾಗಿದ ಎಲೆ. ಅದು ಕಬ್ಬು. ಓಕಿನಾವಾ ದ್ವೀಪದಲ್ಲಿ ಕಂಡ ಕಬ್ಬಿನ ಗದ್ದೆಯಿಂದ ಆ ಚಿತ್ರ ಬಂತು. ಆಮೇಲೆ ದಶಕಗಟ್ಟಲೆ ಅದನ್ನೇ ಬರೆದರು.

ಹಮಾದಾ ತಿಗರಿಯ ಮೇಲೆ ಪಳಗಿದ ಕೈ. ಆದರೂ ಈ ಹೂದಾನಿಯನ್ನು ತಿಗರಿಯಲ್ಲಿ ಎತ್ತಿಲ್ಲ. ಅಚ್ಚಿಗೆ ಮಣ್ಣು ಒತ್ತಿ, ಭಾಗಗಳನ್ನು ಜೋಡಿಸಿ ಮಾಡಿದ್ದು. ಅಚ್ಚು ಒತ್ತುವ ಕೆಲಸವನ್ನು ಅವರ ಕಾರ್ಯಾಗಾರದ ಸಹಾಯಕರೂ ಮಾಡುತ್ತಿದ್ದರು. ಇಷ್ಟು ಸಾಲದು ಎಂಬಂತೆ ತಳದಲ್ಲಿ ಸಹಿ ಬೇರೆ ಇಲ್ಲ. ಆದರೂ ಜಪಾನಿನ ಆಧುನಿಕ ಕುಂಬಾರಿಕೆಯ ಮುಖ್ಯ ಕೃತಿಗಳಲ್ಲಿ ಇದನ್ನು ಲೆಕ್ಕ ಹಾಕುತ್ತಾರೆ. ನನ್ನ ಪ್ರಕಾರ ಅದು ಸರಿಯಾಗಿಯೇ ಇದೆ. ನಿಮಗೆ ಏನನ್ನಿಸುತ್ತದೆ ಹೇಳಿ.

ತುಂಗಾತೀರ:
ಚಿತ್ರಗಳನ್ನು ಹುಡುಕಿ ನೋಡಿದೆ. ನೇರವಾಗಿ ಹೇಳುತ್ತೇನೆ, ನಮ್ಮಜ್ಜಿ ಮನೆಯ ಉಪ್ಪಿನಕಾಯಿ ಜಾಡಿಯ ಹಾಗೆ ಕಾಣುತ್ತದೆ. ಜಾಡಿ ನನಗೆ ಇಷ್ಟವೇ, ಆ ಮಾತು ಬೇರೆ. ಆದರೆ ಲಂಡನ್ ಹರಾಜಿನಲ್ಲಿ ಇವು ಸಾವಿರಾರು ಪೌಂಡಿಗೆ ಹೋಗುತ್ತವೆ. ಅಚ್ಚಿನಲ್ಲಿ ಮಾಡಿದ್ದು, ಸಹಾಯಕರು ಒತ್ತಿದ್ದು, ಚಿತ್ರವೂ ಪ್ರತಿಸಲ ಅದೇ. ಹಾಗಿದ್ದರೆ ದುಡ್ಡು ಯಾವುದಕ್ಕೆ? ಹೆಸರಿಗೇ ಅಲ್ವಾ? ಹೆಸರು ಬೇಡ ಎಂದವರ ಹೆಸರಿಗೇ ಇಷ್ಟು ಬೆಲೆ ಬಂದಿದೆ ಎನ್ನುವುದು ನನಗೆ ಒಪ್ಪಿಗೆಯಾಗುತ್ತಿಲ್ಲ.

ಹೊಸಬ:
ನನಗೆ ಈ ವ್ಯಕ್ತಿಯ ಬಗ್ಗೆ ಏನೂ ಗೊತ್ತಿಲ್ಲ. ಹಳ್ಳಿಯ ಕುಂಬಾರರ ಮನೆಯವರಾ? ಸ್ವಲ್ಪ ಹಿನ್ನೆಲೆ ಹೇಳಿದರೆ ಚರ್ಚೆ ಅರ್ಥವಾಗುತ್ತದೆ.

ಕೆಮ್ಮಣ್ಣು:
ಅಲ್ಲ, ಕುಂಬಾರರ ಮನೆಯವರಲ್ಲ. ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಹುಟ್ಟಿದ್ದು ಟೋಕಿಯೋ ಪಕ್ಕದ ಕಾವಾಸಾಕಿಯಲ್ಲಿ. ಓದಿದ್ದು ಟೋಕಿಯೋದ ತಾಂತ್ರಿಕ ಕಾಲೇಜಿನಲ್ಲಿ, ಸೆರಾಮಿಕ್ಸ್ ವಿಭಾಗ. ಅಲ್ಲಿ ಪಾಠ ಹೇಳಿದವರಲ್ಲಿ ಇತಾಯಾ ಹಾಜಾನ್ ಒಬ್ಬರು. ಹಾಜಾನ್ ಅವರ ಹೂದಾನಿ ನೋಡಿದರೆ ಇವರ ಗುರು ಎಂದು ನಂಬಲಿಕ್ಕೇ ಆಗುವುದಿಲ್ಲ, ಅಷ್ಟು ನಯವಾದ ಪಿಂಗಾಣಿ, ಮಂಜಿನ ಹಿಂದಿನ ಬಣ್ಣಗಳು. 1916ರಲ್ಲಿ ಓದು ಮುಗಿಸಿ ಹಮಾದಾ ಕ್ಯೋಟೋ ನಗರದ ಸೆರಾಮಿಕ್ಸ್ ಪರೀಕ್ಷಾ ಸಂಸ್ಥೆ ಸೇರಿದರು. ಅದೇ ಕಾಲೇಜಿನಿಂದ ಬಂದ ಕಾವಾಯಿ ಕಾಂಜಿರೋ ಆಗಲೇ ಅಲ್ಲಿದ್ದರು. ಇಬ್ಬರೂ ಸೇರಿ ಹತ್ತು ಸಾವಿರದಷ್ಟು ಗ್ಲೇಜ್ (ಸುಟ್ಟಾಗ ಪಾತ್ರೆಯ ಮೇಲೆ ಗಾಜಿನಂತಾಗುವ ಲೇಪ) ಪರೀಕ್ಷೆ ಮಾಡಿದರು ಎಂದು ಹೇಳುತ್ತಾರೆ.

ಆಮೇಲೆ ಬರ್ನಾರ್ಡ್ ಲೀಚ್ ಎಂಬ ಇಂಗ್ಲಿಷ್ ಕುಂಬಾರರ ಪರಿಚಯವಾಯಿತು. 1920ರಲ್ಲಿ ಅವರ ಜೊತೆ ಇಂಗ್ಲೆಂಡಿನ ಕಾರ್ನ್‌ವಾಲ್‌ಗೆ, ಸೇಂಟ್ ಐವ್ಸ್ ಎಂಬ ಕಡಲತೀರದ ಊರಿಗೆ ಹೋದರು. ಅಲ್ಲಿ ಇಬ್ಬರೂ ಸೇರಿ ಪಾತ್ರೆ ಸುಡುವ ಜಪಾನಿನ ರೀತಿಯ ಗೂಡು ಕಟ್ಟಿದರು, ಇಳಿಜಾರಿನಲ್ಲಿ ಒಂದರ ಮೇಲೊಂದು ಕೋಣೆ ಇರುವಂಥದ್ದು. ಪಶ್ಚಿಮದಲ್ಲಿ ಅಂಥದ್ದು ಅದೇ ಮೊದಲು. 1923ರಲ್ಲಿ ಲಂಡನ್ನಿನಲ್ಲಿ ಸ್ವಂತ ಪ್ರದರ್ಶನವೂ ಆಯಿತು. ಅದೇ ವರ್ಷ ಸೆಪ್ಟೆಂಬರ್ 1ಕ್ಕೆ ಟೋಕಿಯೋ ಕಡೆ ದೊಡ್ಡ ಭೂಕಂಪ. ಊರಿಗೆ ಮರಳಿದರು. 1924ರಲ್ಲಿ ಮಾಶಿಕೋ ಸೇರಿದರು, ಕೊನೆತನಕ ಅಲ್ಲೇ ಇದ್ದರು.

ಮಾಶಿಕೋ ಟೋಕಿಯೋದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರ, ತೊಚಿಗಿ ಪ್ರಾಂತ್ಯದಲ್ಲಿದೆ. 1853ರಲ್ಲಿ ಓತ್ಸುಕಾ ಕೇಯ್‌ಸಬುರೋ ಎಂಬವರು ಅಲ್ಲಿ ಗೂಡು ಹಾಕಿದ ಮೇಲೆ ಶುರುವಾದ ಕಸುಬು. ಮಾಡುತ್ತಿದ್ದದ್ದು ಅಡುಗೆಮನೆಯ ಸಾಮಾನು: ನೀರಿನ ಜಾಡಿ, ಅರೆಯುವ ಬಟ್ಟಲು, ಚಹಾ ಕೆಟಲ್. ಕ್ಯೋಟೋ ಕಲಾವಿದರು ತಿರುಗಿ ನೋಡುವ ಊರಲ್ಲ. ಮರಳು, ಕಬ್ಬಿಣ ಜಾಸ್ತಿ ಇರುವ ಒರಟು ಮಣ್ಣು. ಅಂಥ ಮಣ್ಣನ್ನು ಹುಡುಕಿಕೊಂಡು ಇವರು ಹೋದರು.

ಉಮಿಬೂದಿ:
ನಾನು ಬೆಂಗಳೂರಿನಲ್ಲಿ ಸ್ಟೋನ್‌ವೇರ್, ಅಂದರೆ ಹೆಚ್ಚು ಶಾಖದಲ್ಲಿ ಸುಟ್ಟ ಗಟ್ಟಿ ಮಣ್ಣಿನ ಪಾತ್ರೆ ಮಾಡುತ್ತೇನೆ, ಗ್ಲೇಜ್ ಬಗ್ಗೆ ಸ್ವಲ್ಪ ಹೇಳಬೇಕು. ಯಾಕೆಂದರೆ ತುಂಗಾತೀರ ಅವರ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ.

ಆ ತುಕ್ಕಿನ ಕಂದು ಬಣ್ಣಕ್ಕೆ ಜಪಾನಿನಲ್ಲಿ ಕಾಕಿ ಎನ್ನುತ್ತಾರೆ, ಪರ್ಸಿಮನ್ ಹಣ್ಣಿನ ಬಣ್ಣ. ಅದಕ್ಕೆ ಬಳಸುವುದು ಮಾಶಿಕೋ ಪಕ್ಕದಲ್ಲೇ ಸಿಗುವ ಒಂದು ಮೆದು ಕಲ್ಲು. ಪುಡಿ ಮಾಡಿ, ನೀರಲ್ಲಿ ಕಲಸಿ, ಬಳಿಯುವುದು. ಅಷ್ಟೇ. ಕಬ್ಬಿಣ ಅದರಲ್ಲೇ ಇದೆ, ಕರಗಬೇಕಾದದ್ದೂ ಅದರಲ್ಲೇ ಇದೆ. ಅದೇ ಪುಡಿಗೆ ಮರದ ಬೂದಿ ಸೇರಿಸಿದರೆ ಕಪ್ಪು ಬರುತ್ತದೆ. ಇನ್ನು ಹಾಲಿನಂಥ ಬಿಳಿ ಇದೆಯಲ್ಲ, ಅದಕ್ಕೆ ಭತ್ತದ ಉಮಿ ಸುಟ್ಟ ಬೂದಿ ಬೇಕು. ಉಮಿ ಬೂದಿಯಲ್ಲಿ ಸಿಲಿಕಾ ತುಂಬ ಇರುತ್ತದೆ. ಪೂರ್ತಿ ಕರಗದೆ ಉಳಿದ ಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸುತ್ತವೆ, ಹಾಗಾಗಿ ಗ್ಲೇಜ್ ಗಾಜಿನ ಹಾಗೆ ತಿಳಿಯಾಗದೆ ಮಬ್ಬು ಬಿಳಿಯಾಗುತ್ತದೆ. ಗಂಗಾವತಿ ಕಡೆ ಅಕ್ಕಿ ಗಿರಣಿಗಳ ಹಿಂದೆ ರಾಶಿ ಬಿದ್ದಿರುತ್ತದಲ್ಲ, ಆ ಬೂದಿಯೇ. ಗ್ಲೇಜಿಗೆ ಹಾಕಲು ನಾನು ಅದನ್ನು ತರಿಸುತ್ತೇನೆ. ತೊಳೆಯುವುದು, ಅರೆಯುವುದು, ಜರಡಿ ಹಿಡಿಯುವುದು, ದೊಡ್ಡ ಕೆಲಸ. ಅಂಗಡಿಯಲ್ಲಿ ಸಿಲಿಕಾ ಪುಡಿ ಪೊಟ್ಟಣದಲ್ಲಿ ಸಿಗುತ್ತದೆ, ಆದರೆ ಆ ಮೈ ಬರುವುದಿಲ್ಲ.

ಗಮನಿಸಬೇಕಾದದ್ದು ಇದು. ಹತ್ತು ಸಾವಿರ ಗ್ಲೇಜ್ ನೋಡಿದ ಮನುಷ್ಯ ಊರಿನ ಕಲ್ಲು, ಬೂದಿ, ಉಮಿ, ಸ್ವಲ್ಪ ತಾಮ್ರದ ಹಸಿರು, ಇಷ್ಟರಲ್ಲಿ ಕೆಲಸ ಮಾಡಲು ನಿರ್ಧರಿಸಿದರು. ಗೊತ್ತಿಲ್ಲದೆ ಸರಳವಾಗಿರುವುದು ಒಂದು. ಎಲ್ಲ ಗೊತ್ತಿದ್ದು ಬೇಡ ಎನ್ನುವುದು ಇನ್ನೊಂದು. ಆ ಹೂದಾನಿಯಲ್ಲಿ ನನಗೆ ಕಾಣುವುದು ಎರಡನೆಯದು.

ತುಂಗಾತೀರ:
ಗ್ಲೇಜ್ ವಿಷಯ ಒಪ್ಪಿದೆ ಮೇಡಂ, ಚೆನ್ನಾಗಿ ಹೇಳಿದಿರಿ. ಆದರೆ ಅಚ್ಚಿನ ಪ್ರಶ್ನೆ ಹಾಗೇ ಉಳಿಯಿತು. ತಿಗರಿ ಗೊತ್ತಿದ್ದವರು ಅಚ್ಚಿಗೆ ಯಾಕೆ ಹೋಗಬೇಕು?

ಉಮಿಬೂದಿ:
ತಿಗರಿಯಲ್ಲಿ ಬರುವುದೆಲ್ಲ ದುಂಡಗೆ. ನಾಲ್ಕು ಮುಖ ಬೇಕಾದರೆ ದುಂಡಗಿರುವುದನ್ನು ತಟ್ಟಿ ಚೌಕ ಮಾಡಬೇಕು, ಇಲ್ಲವೇ ಮಣ್ಣಿನ ಹಲಗೆಗಳನ್ನು ಜೋಡಿಸಬೇಕು, ಇಲ್ಲವೇ ಅಚ್ಚು. ಅಚ್ಚಿನಲ್ಲಿ ಬಂದರೆ ಮೂಲೆಗಳು ಮೊಂಡಾಗಿ ಬರುತ್ತವೆ, ಮುಖದಲ್ಲಿ ಉಬ್ಬು ಉಳಿಯುತ್ತದೆ. ಚಿತ್ರ ಬರೆಯಲು ಅಗಲವಾದ ಜಾಗ ಸಿಗುತ್ತದೆ. ಅವರಿಗೆ ಬೇಕಾಗಿದ್ದದ್ದು ಆ ಮುಖ. ಜೊತೆಗೆ ಅಚ್ಚಿನಿಂದ ಒಂದೇ ಆಕಾರದ ಹತ್ತಾರು ಹೂದಾನಿ ಬಂದರೆ ಒಂದೊಂದಕ್ಕೂ ಬೇರೆ ಗ್ಲೇಜ್, ಬೇರೆ ಎಳೆ ಹಾಕಬಹುದು. ಎಳೆ ಎಳೆಯುವಾಗ ಕೈಗೆ ಹೆದರಿಕೆ ಇರಬಾರದು. ಒಂದೇ ಹೂದಾನಿ ಎದುರಿಗಿದ್ದರೆ ಹೆದರಿಕೆ ಬಂದೇ ಬರುತ್ತದೆ. ನಮ್ಮಂಥವರಿಗೆ ಅದು ದಿನನಿತ್ಯದ ಅನುಭವ.

ಮೇಣದ ಕೆಲಸವನ್ನೂ ಹೇಳಿಬಿಡುತ್ತೇನೆ. ಮೊದಲು ಒಂದು ಗ್ಲೇಜ್ ಹಾಕಿ, ಅದರ ಮೇಲೆ ಮೇಣದಲ್ಲಿ ಬರೆದು, ಆಮೇಲೆ ಇನ್ನೊಂದು ಗ್ಲೇಜಿನಲ್ಲಿ ಅದ್ದುವುದು. ಮೇಣ ಇದ್ದ ಕಡೆ ಎರಡನೆಯದು ಹಿಡಿಯುವುದಿಲ್ಲ. ಗೂಡಿನಲ್ಲಿ ಮೇಣ ಸುಟ್ಟುಹೋಗಿ ಚಿತ್ರ ಉಳಿಯುತ್ತದೆ. ಅವರ ಚೌಕ ಹೂದಾನಿಗಳಲ್ಲಿ ಹೀಗೆ ಮಾಡಿದ್ದು ತುಂಬ ಇವೆ. ಅಂಚು ಸ್ವಲ್ಪ ಹರಡಿದ ಹಾಗೆ ಕಂಡರೆ ಅದು ಮೇಣದ ಕೆಲಸ.

ಥೇಮ್ಸ್ ದಡದಿಂದ:
ಲಂಡನ್ನಿನಲ್ಲಿದ್ದೇನೆ, ಇಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇವರ ಕೆಲಸ ಇದೆ. ಸಹಿಯ ವಿಷಯಕ್ಕೆ ಬರುತ್ತೇನೆ. ಸೇಂಟ್ ಐವ್ಸ್‌ನಲ್ಲಿದ್ದಾಗ ಹಮಾದಾ ಪಾತ್ರೆಗಳ ಮೇಲೆ ಮುದ್ರೆ ಒತ್ತುತ್ತಿದ್ದರು. ಮಾಶಿಕೋಗೆ ಹೋದ ಮೇಲೆ ನಿಲ್ಲಿಸಿದರು. ಯಾರೋ ಇದರ ಬಗ್ಗೆ ಕೇಳಿದಾಗ, ಮುಂದೆ ಒಂದು ಕಾಲಕ್ಕೆ ನನ್ನ ಕೆಟ್ಟ ಪಾತ್ರೆಗಳು ಶಿಷ್ಯರದ್ದಾಗುತ್ತವೆ, ಶಿಷ್ಯರ ಒಳ್ಳೆಯವು ನನ್ನದಾಗುತ್ತವೆ ಎಂಬರ್ಥದ ಮಾತು ಹೇಳಿದ್ದರಂತೆ. ಚೆನ್ನಾದ ಮಾತು. ಆದರೆ ತುಂಗಾತೀರ ಅವರ ಆಕ್ಷೇಪ ಸುಳ್ಳಲ್ಲ. ಪಾತ್ರೆಗೆ ಸಹಿ ಇಲ್ಲ, ಅದನ್ನಿಡುವ ಮರದ ಪೆಟ್ಟಿಗೆಯ ಮೇಲೆ ಇದೆ! ಕುಂಚದಲ್ಲಿ ಪಾತ್ರೆಯ ವಿವರ ಬರೆದು, ಹೆಸರು ಹಾಕಿ, ಮುದ್ರೆ ಒತ್ತಿ ಕೊಡುತ್ತಿದ್ದರು. ಈಗ ಮಾರುಕಟ್ಟೆಯಲ್ಲಿ ಪೆಟ್ಟಿಗೆ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು.

ತುಂಗಾತೀರ:
ಅದನ್ನೇ ನಾನು ಹೇಳುತ್ತಿರುವುದು. ಹೆಸರಿಲ್ಲದ ಕುಂಬಾರರೇ ದೊಡ್ಡವರು ಎಂದು ಒಂದು ಚಳವಳಿ ಕಟ್ಟಿ, ಅದರ ಮುಂದಾಳುಗಳು ಮಾತ್ರ ಹೆಸರು ಮಾಡಿಕೊಂಡರು. ಮಾಶಿಕೋದಲ್ಲಿ ನೂರಾರು ಕೆಟಲ್ ಮಾಡಿದ ಒಬ್ಬ ಕುಂಬಾರನ ಹೆಸರು ಹೇಳಿ ನೋಡೋಣ.

ಕೆಮ್ಮಣ್ಣು:
ಒಂದು ಹೆಸರು ಹೇಳಬಲ್ಲೆ. ಮಿನಾಗಾವಾ ಮಾಸು. ಮಾಶಿಕೋ ಕೆಟಲ್‌ಗಳ ಮೇಲೆ ಬೆಟ್ಟ, ನದಿ, ದೋಣಿಯ ಚಿತ್ರ ಬರೆಯುತ್ತಿದ್ದ ಹೆಂಗಸು. ಚಿಕ್ಕಂದಿನಿಂದ ಮುಪ್ಪಿನವರೆಗೆ ಅದೇ ಕೆಲಸ, ದಿನಕ್ಕೆ ನೂರುಗಟ್ಟಲೆ. ಹಮಾದಾ ಮತ್ತು ಅವರ ಗೆಳೆಯರು ಆಕೆಯ ಕೆಲಸವನ್ನು ಹೊರಗಿನವರಿಗೆ ತೋರಿಸಿದರು, ಹಾಗಾಗಿ ಇವತ್ತು ಆ ಹೆಸರು ಉಳಿದಿದೆ. ಆದರೆ ಆಕೆಯ ಜೊತೆ ಕೂತು ಬರೆದ ಬೇರೆಯವರ ಹೆಸರು ಉಳಿದಿಲ್ಲ ಎಂದರೆ ಅದೂ ನಿಜ. ನಿಮ್ಮ ಮಾತಿನಲ್ಲಿ ತೂಕ ಇದೆ.

ಆದರೆ ಆ ಚಳವಳಿಯ ಸಿದ್ಧಾಂತ ಕಟ್ಟಿದವರನ್ನೂ ಹಮಾದಾ ಅವರನ್ನೂ ಬೇರೆಬೇರೆಯಾಗಿ ನೋಡಬೇಕು. ಸಿದ್ಧಾಂತ ಕಟ್ಟಿದವರು ಯಾನಾಗಿ ಸೊಎತ್ಸು. ಜನಬಳಕೆಯ ವಸ್ತುಗಳಿಗೆ ಮಿಂಗೇಯ್ ಎಂದು ಹೆಸರಿಟ್ಟಾಗ ಹಮಾದಾ, ಕಾವಾಯಿ ಇಬ್ಬರೂ ಅವರ ಜೊತೆಗಿದ್ದರು, 1925ರ ಸುಮಾರಿಗೆ. 1936ರಲ್ಲಿ ಟೋಕಿಯೋದಲ್ಲಿ ಜಾನಪದ ಕರಕುಶಲ ಮ್ಯೂಸಿಯಂ ಶುರುವಾಯಿತು. ಹೆಸರಿಲ್ಲದವನ ಕೈಯಲ್ಲಿ ಸಹಜವಾಗಿ ಹುಟ್ಟುವ ಚೆಲುವಿನ ಬಗ್ಗೆ ಯಾನಾಗಿ ಬರೆದರು. ಹಮಾದಾ ಓದಿದವರು, ಲಂಡನ್ ನೋಡಿದವರು, ಎಷ್ಟೇ ಪ್ರಯತ್ನಪಟ್ಟರೂ ಆ ಹೆಸರಿಲ್ಲದ ಕುಂಬಾರ ಆಗಲು ಸಾಧ್ಯವಿರಲಿಲ್ಲ. ಅವರು ಮಾಡಿದ್ದು ಬೇರೆ. ಆ ಜನರ ನಡುವೆ ಹೋಗಿ ಕೂತರು. ಮೊದಮೊದಲು ಸಕುಮಾ ಎಂಬ ಮನೆತನದ ಕಾರ್ಯಾಗಾರದಲ್ಲಿ ಜಾಗ ಪಡೆದು ಕೆಲಸ ಮಾಡಿದರು. 1930ರಲ್ಲಿ ಹಳೆಯ ರೈತರ ಮನೆಯೊಂದನ್ನು ಬಿಚ್ಚಿ ತಂದು ತಮ್ಮ ಜಾಗದಲ್ಲಿ ನಿಲ್ಲಿಸಿದರು. ಊರಿನ ಮಣ್ಣು, ಊರಿನ ಗ್ಲೇಜ್, ಕೋಲು ಹಾಕಿ ತಿರುಗಿಸುವ ಮರದ ತಿಗರಿ.

ಅವರಿಂದ ಆ ಊರಿಗೆ ಬದುಕು ಸಿಕ್ಕಿತು. ಲೋಹದ ಪಾತ್ರೆ ಬಂದು ಜಾಡಿ, ಕೆಟಲ್ ಕೇಳುವವರು ಕಡಿಮೆಯಾಗುತ್ತಿದ್ದ ಕಾಲ ಅದು. ಇವತ್ತು ಮಾಶಿಕೋದಲ್ಲಿ ನೂರಾರು ಗೂಡುಗಳಿವೆ, ವರ್ಷಕ್ಕೆ ಎರಡು ಸಲ ದೊಡ್ಡ ಮಡಕೆ ಸಂತೆ ನಡೆಯುತ್ತದೆ. ಹೂದಾನಿಯ ಬೆಲೆಯನ್ನು ಟೀಕಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಕೇಳುತ್ತೇನೆ.

ಅಡಕೆತೋಟ:
ಕಾವಾಯಿ ಕಾಂಜಿರೋ ಹೆಸರು ಬಂದಿದ್ದು ಖುಷಿಯಾಯಿತು. ಸಹಿ ಹಾಕದೇ ಇದ್ದವರಲ್ಲಿ ಅವರೂ ಒಬ್ಬರು. ಸರಕಾರ ಜೀವಂತ ರಾಷ್ಟ್ರೀಯ ನಿಧಿ ಎಂಬ ಗೌರವ ಕೊಡಲು ಬಂದಾಗ ಕಾವಾಯಿ ಬೇಡ ಎಂದರು, ಸಂಸ್ಕೃತಿಗೆ ಸರಕಾರ ಕೊಡುವ ಆರ್ಡರ್ ಆಫ್ ಕಲ್ಚರ್ ಎಂಬ ಗೌರವ ಕೂಡ ಬೇಡ ಎಂದರು. ಹಮಾದಾ ಎರಡನ್ನೂ ತೆಗೆದುಕೊಂಡರು, 1955ರಲ್ಲಿ ಮೊದಲ ತಂಡದಲ್ಲೇ ರಾಷ್ಟ್ರೀಯ ನಿಧಿ, 1968ರಲ್ಲಿ ಆರ್ಡರ್. ತುಂಗಾತೀರ ಅವರಿಗೆ ಕಾವಾಯಿ ಹೆಚ್ಚು ಹಿಡಿಸಬಹುದು. ಆದರೆ ಕೆಲಸ ನೋಡಿದರೆ ಕಾವಾಯಿ ಹೂದಾನಿಗಳಲ್ಲೇ ವ್ಯಕ್ತಿತ್ವದ ಅಬ್ಬರ ಜಾಸ್ತಿ. ಗಟ್ಟಿ ಬಣ್ಣ, ವಿಚಿತ್ರ ಆಕಾರ. ಅವರೂ ಅಚ್ಚು ತುಂಬ ಬಳಸಿದರು. ಹಮಾದಾ ಹೂದಾನಿ ಅದರ ಪಕ್ಕ ಇಟ್ಟರೆ ತಣ್ಣಗೆ ಕೂತಿರುತ್ತದೆ. ಪ್ರಶಸ್ತಿ ತೆಗೆದುಕೊಂಡರಾ ಇಲ್ಲವಾ ಎಂಬುದರಿಂದ ಪಾತ್ರೆಯನ್ನು ಅಳೆಯಲು ಆಗುವುದಿಲ್ಲ.

ಹೊಸಬ:
ಭಾರತಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ? ಸುಮ್ನೆ ಕುತೂಹಲಕ್ಕೆ ಕೇಳುತ್ತಿದ್ದೇನೆ.

ಉಮಿಬೂದಿ:
ಇದೆ. ದೆಹಲಿಯ ಸರ್ದಾರ್ ಗುರುಚರಣ್ ಸಿಂಗ್ 1919ರಲ್ಲಿ ಕುಂಬಾರಿಕೆ ಕಲಿಯಲು ಜಪಾನಿಗೆ ಹೋಗಿದ್ದರು. ಅಲ್ಲಿ ಲೀಚ್, ಯಾನಾಗಿ, ಹಮಾದಾ, ಕಾವಾಯಿ ಈ ಬಳಗದ ಪರಿಚಯವಾಯಿತು. ವಾಪಸ್ ಬಂದು ಮುಂದೆ ಡೆಲ್ಲಿ ಬ್ಲೂ ಎಂಬ ಹೆಸರಿನಲ್ಲಿ ಕೆಲಸ ಮಾಡಿದರು. ನಮ್ಮ ಸ್ಟುಡಿಯೋ ಕುಂಬಾರಿಕೆಯ ಮೊದಲ ತಲೆಮಾರು ಅವರೇ. ಇನ್ನೊಂದು ದಾರಿ ಪಾಂಡಿಚೇರಿಯದು. 1971ರಲ್ಲಿ ರೇ ಮೀಕರ್, ಡೆಬೋರಾ ಸ್ಮಿತ್ ಅಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರು ಮಾಡಿದರು. ಡೆಬೋರಾ ಅದಕ್ಕೆ ಮುಂಚೆ ಜಪಾನಿನಲ್ಲಿ ಕಲಿತವರು. ದಕ್ಷಿಣದಲ್ಲಿ ಸ್ಟೋನ್‌ವೇರ್ ಮಾಡುವ ಎಷ್ಟೋ ಜನ ಅಲ್ಲಿ ಕಲಿತವರು, ಇಲ್ಲವೇ ಅಲ್ಲಿ ಕಲಿತವರ ಬಳಿ ಕಲಿತವರು. ನಾನು ಈ ಎರಡನೆಯ ಸಾಲಿನವಳು.

ಥೇಮ್ಸ್ ದಡದಿಂದ:
ಅಮೆರಿಕಕ್ಕೆ ಹೋದ ಕಥೆಯೂ ಸೇರಬೇಕು. 1952ರಲ್ಲಿ ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ಕರಕುಶಲದವರ ದೊಡ್ಡ ಸಮ್ಮೇಳನ ನಡೆಯಿತು. ಅದು ಮುಗಿಸಿ ಲೀಚ್, ಯಾನಾಗಿ, ಹಮಾದಾ ಮೂವರೂ ಅಮೆರಿಕದ ಉದ್ದಕ್ಕೂ ಸುತ್ತಿದರು. ಲೀಚ್ ಮತ್ತು ಯಾನಾಗಿ ಭಾಷಣ ಮಾಡುತ್ತಿದ್ದರೆ ಹಮಾದಾ ಕೂತು ಪಾತ್ರೆ ಮಾಡಿ ತೋರಿಸುತ್ತಿದ್ದರು. ಮೊಂಟಾನಾದ ಆರ್ಚಿ ಬ್ರೇ ಫೌಂಡೇಶನ್‌ನಲ್ಲಿ ಆಗ ಪೀಟರ್ ವೌಲ್ಕೋಸ್ ಎಂಬ ಯುವಕ ಕೆಲಸ ಮಾಡುತ್ತಿದ್ದರು, ಹಮಾದಾ ಮಾಡುವುದನ್ನು ಹತ್ತಿರದಿಂದ ನೋಡಿದರು. ಮುಂದೆ ಅಮೆರಿಕದ ಸೆರಾಮಿಕ್ಸ್ ಅನ್ನೇ ತಲೆಕೆಳಗು ಮಾಡಿದವರು ಅವರು. ಅವರ ಕೆಲಸ ಹಮಾದಾ ಥರ ಇಲ್ಲವೇ ಇಲ್ಲ. ಆದರೆ ಮಣ್ಣಿನ ಜೊತೆ ಅಂಜಿಕೆ ಇಲ್ಲದೆ ನಡೆದುಕೊಳ್ಳುವುದನ್ನು ಅಲ್ಲಿ ಕಂಡಿರಬೇಕು ಎಂದು ನನ್ನ ಊಹೆ.

ಕೆಮ್ಮಣ್ಣು:
ಅಂಜಿಕೆ ಎಂದಾಗ ಒಂದು ನೆನಪಾಯಿತು. ಹಮಾದಾ ದೊಡ್ಡ ತಟ್ಟೆಗಳ ಮೇಲೆ ಸೌಟಿನಿಂದ ಗ್ಲೇಜ್ ಸುರಿದು ಗೆರೆ ಎಳೆಯುತ್ತಿದ್ದರು. ನೋಡನೋಡುತ್ತ ಮುಗಿದುಹೋಗುವ ಕೆಲಸ. ಹದಿನೈದು ಸೆಕೆಂಡಿನಲ್ಲಿ ಮುಗಿಸುತ್ತೀರಲ್ಲ ಎಂದು ಒಬ್ಬರು ಕೇಳಿದರಂತೆ. ಅರವತ್ತು ವರ್ಷ ಮತ್ತು ಹದಿನೈದು ಸೆಕೆಂಡು ಎಂದು ಎಣಿಸಿ ಎಂಬುದು ಅವರ ಉತ್ತರ. ಹೂದಾನಿಯ ಕಬ್ಬಿಗೂ ಅದೇ ಲೆಕ್ಕ. ಬೇರೆಬೇರೆ ವರ್ಷದ ಹೂದಾನಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬರಬರುತ್ತ ಅದು ಕಬ್ಬು ಎಂದು ಹೇಳದಿದ್ದರೆ ಗೊತ್ತಾಗದಷ್ಟು ಎಳೆ ಕಡಿಮೆಯಾಗಿದೆ, ಆದರೆ ಗಾಳಿಗೆ ಬಾಗಿದ್ದು ಮಾತ್ರ ಹಾಗೇ ಇದೆ. ತುಂಗಾತೀರ ಅವರು ಚಿತ್ರ ಪ್ರತಿಸಲ ಅದೇ ಎಂದರು. ಹೆಸರು ಅದೇ, ಚಿತ್ರ ಅದೇ ಅಲ್ಲ.

ತುಂಗಾತೀರ:
ಮತ್ತೆ ನೋಡಿದೆ, ಈ ಸಲ ಐದಾರು ಹೂದಾನಿ ಒಟ್ಟಿಗೆ. ಚಿತ್ರದ ವಿಷಯದಲ್ಲಿ ನಿಮ್ಮ ಮಾತಿಗೆ ಒಪ್ಪುತ್ತೇನೆ. ಒಂದರಲ್ಲಿ ಎಲೆಯ ಕೊನೆ ಅಂಚಿನಾಚೆ ಹೊರಟೇಹೋದ ಹಾಗಿದೆ, ಅದು ನಿಜಕ್ಕೂ ಚೆನ್ನಾಗಿದೆ. ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ. ಸಹಿ ಬೇಡ ಎಂದರೆ ಪೂರ್ತಿ ಬೇಡ ಎನ್ನಬೇಕಿತ್ತು.

ಥೇಮ್ಸ್ ದಡದಿಂದ:
ಹಾಗೆ ಮಾಡಿದ್ದರೆ ಅಷ್ಟು ಶಿಷ್ಯರನ್ನು, ಅಷ್ಟು ದೊಡ್ಡ ಗೂಡನ್ನು ಸಾಕಲು ಆಗುತ್ತಿತ್ತಾ? ಎಂಟು ಕೋಣೆಗಳ ಗೂಡು ಅದು, ಪೈನ್ ಸೌದೆಯಲ್ಲಿ ಉರಿಯುತ್ತಿದ್ದದ್ದು. ಶಿಮಾಓಕಾ ತಾತ್ಸುಜೋ ಅವರಂಥವರು ಅಲ್ಲೇ ತಯಾರಾದರು, 1996ರಲ್ಲಿ ಅವರಿಗೂ ರಾಷ್ಟ್ರೀಯ ನಿಧಿ ಗೌರವ ಬಂತು. ಬಂದ ಹಣದಲ್ಲಿ ಹಮಾದಾ ಪ್ರಪಂಚದ ಎಲ್ಲ ಕಡೆಯಿಂದ ಪಾತ್ರೆ, ಬಟ್ಟೆ, ಕುರ್ಚಿ ಕೊಂಡು ತಂದರು. ಬೇರೆಯವರೂ ನೋಡಿ ಕಲಿಯಲಿ ಎಂದು 1977ರಲ್ಲಿ ಅದನ್ನೆಲ್ಲ ಮಾಶಿಕೋದ ಮನೆಯಲ್ಲೇ ಮ್ಯೂಸಿಯಂ ಮಾಡಿ ತೆರೆದರು. ಮುಂದಿನ ಜನವರಿಯಲ್ಲಿ ತೀರಿಕೊಂಡರು.

ಅಡಕೆತೋಟ:
ಆ ಗೂಡು ಈಗಲೂ ಇದೆಯಾ?

ಕೆಮ್ಮಣ್ಣು:
ಇದೆ. 2011ರ ಮಾರ್ಚ್ 11ರ ಭೂಕಂಪದಲ್ಲಿ ಕುಸಿದಿತ್ತು. ಮ್ಯೂಸಿಯಂನ ವಸ್ತುಗಳಿಗೂ ಪೆಟ್ಟಾಯಿತು. ಊರಿನ ಕುಂಬಾರರೆಲ್ಲ ಸೇರಿ ಅದನ್ನು ಮತ್ತೆ ಕಟ್ಟಿ, 2015ರಲ್ಲಿ ಬೆಂಕಿ ಹಾಕಿದರು. ಹಮಾದಾ ಮೊಮ್ಮಗ ತೊಮೋಓ ಈಗ ಅಲ್ಲಿ ಕೆಲಸ ಮಾಡುತ್ತಾರೆ.

ಹೊಸಬ:
ಕೊನೆಯದಾಗಿ ಎರಡು ಪ್ರಶ್ನೆ. ಸಹಿ ಇಲ್ಲದಿದ್ದರೆ ಅಸಲಿ ಎಂದು ಹೇಗೆ ತಿಳಿಯುತ್ತಾರೆ? ಮತ್ತೆ, ಜಪಾನಿಗೆ ಹೋದರೆ ಎಲ್ಲಿ ನೋಡಬೇಕು?

ಕೆಮ್ಮಣ್ಣು:
ಮೊದಲನೆಯದು: ಪೆಟ್ಟಿಗೆ ಒಂದನ್ನೇ ನಂಬಬೇಡಿ. ಅಸಲಿ ಪೆಟ್ಟಿಗೆಯಲ್ಲಿ ಬೇರೆ ಪಾತ್ರೆ ಇಟ್ಟು ಮಾರಲು ಯಾರಿಗೂ ಕಷ್ಟವಿಲ್ಲ. ಮಣ್ಣಿನ ಒರಟು, ತಳದಲ್ಲಿ ಗ್ಲೇಜ್ ನಿಂತ ಅಂಚು, ಕುತ್ತಿಗೆ ಕೂಡಿಸಿದ ರೀತಿ, ಎಳೆಯ ವೇಗ, ಇದನ್ನೆಲ್ಲ ಒಟ್ಟಿಗೆ ನೋಡುತ್ತಾರೆ. ಆಮೇಲೆ ಅದು ಯಾರ ಮನೆಯಿಂದ, ಯಾವ ಪ್ರದರ್ಶನದಿಂದ ಬಂತು ಎಂಬ ದಾಖಲೆ. ಕೊಳ್ಳುವವರಿದ್ದರೆ ಇವು ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಎರಡನೆಯದು: ಟೋಕಿಯೋದ ಜಾನಪದ ಕರಕುಶಲ ಮ್ಯೂಸಿಯಂನಲ್ಲಿ ಸಂಗ್ರಹವನ್ನು ಬದಲಾಯಿಸುತ್ತ ಇಡುತ್ತಾರೆ, ಹೋಗುವ ಮುಂಚೆ ಹಮಾದಾ ಇದೆಯಾ ಎಂದು ವಿಚಾರಿಸಿ. ಕುರಾಶಿಕಿಯ ಓಹಾರಾ ಮ್ಯೂಸಿಯಂನಲ್ಲಿ ಅವರಿಗೆಂದೇ ಒಂದು ಕೋಣೆ ಇದೆ. ಒಂದು ದಿನ ಬಿಡುವಿದ್ದರೆ ಮಾಶಿಕೋಗೇ ಹೋಗಿ, ಟೋಕಿಯೋದ ಅಕಿಹಾಬಾರಾದಿಂದ ನೇರ ಬಸ್ ಸಿಗುತ್ತದೆ. ಹೂದಾನಿಯನ್ನು ಮುಂದಿನಿಂದ ಮಾತ್ರ ನೋಡಿ ಬರಬೇಡಿ. ಗಾಜಿನ ಪೆಟ್ಟಿಗೆ ಸುತ್ತಿ ಪಕ್ಕದ ಮುಖಗಳನ್ನೂ ನೋಡಿ, ಎಷ್ಟೋ ಸಲ ಒಳ್ಳೆಯ ಎಳೆ ಅಲ್ಲಿರುತ್ತದೆ.